ಎತ್ತುಸೇತುವೆಯ ಅಂತ್ಯ ಮತ್ತು ಮರುಹುಟ್ಟು

'ಸೇತು' ಎಂಬ ಶಬ್ದದ ಮೂಲಾರ್ಥ ಕಟ್ಟು ಎಂದು. ನೀರನ್ನು ತಡೆದು ನಿಲ್ಲಿಸುವ ಕಟ್ಟೆಯೂ ಸೇತುವೇ, ನೀರನ್ನು ದಾಟಿಸುವ ದಾರಿಯೂ ಸೇತುವೇ. ಮಲೆನಾಡಿನ ತೊರೆಗೆ ಅಡ್ಡಲಾಗಿ ಹಾಸಿದ ಅಡಕೆಮರದ ಕಾಲುಸಂಕದಿಂದ ಹಿಡಿದು ಸಮುದ್ರದ ಮೇಲಿನ ಉಕ್ಕಿನ ಹಂದರದವರೆಗೆ ಎಲ್ಲಕ್ಕೂ ಈ ಹೆಸರು ಒಪ್ಪುತ್ತದೆ. ಆದರೆ ಎತ್ತುಸೇತುವೆಯ ಬಾಳು ಸ್ವಲ್ಪ ವಿಲಕ್ಷಣವಾದುದು. ನೆಲದ ಮೇಲೆ ಬರುವವನಿಗೆ ಅದು ದಾರಿ ಕೊಡಬೇಕು. ನೀರಿನ ಮೇಲೆ ಬರುವವನಿಗೆ ದಾರಿ ಬಿಡಬೇಕು. ಇಬ್ಬರು ಯಜಮಾನರ ಸೇವೆ ಮಾಡುವ ಇಂಥ ಸೇತುವೆಗೆ ಮುಪ್ಪು ಬಂದಾಗ ಏನಾಗುತ್ತದೆ? ಅಮೆರಿಕದ ಸಿಯಾಟಲ್ ನಗರದ ಒಂದು ಉದಾಹರಣೆಯನ್ನು ನೋಡೋಣ.

ಶಿಕಾಗೋ ನಗರದಲ್ಲಿ ವಿಲಿಯಂ ಶೆರ್ಜರ್ ಎಂಬ ಎಂಜಿನಿಯರ್ ಇದ್ದ. ಸೇತುವೆಯ ತೊಲೆಯ ಬುಡವನ್ನು ತೂಗುಕುರ್ಚಿಯ ಕಾಲಿನಂತೆ ಬಾಗಿಸಿ, ಹಿಂಬದಿಗೆ ಸಮತೂಕದ ಭಾರವನ್ನಿಟ್ಟರೆ, ಅಲ್ಪ ಬಲದಿಂದಲೇ ಅದು ಹಿಂದಕ್ಕೆ ಉರುಳಿ ಮೇಲೇಳುತ್ತದೆ ಎಂಬುದು ಅವನ ಉಪಾಯ. ಆ ಉಪಾಯ ಸೇತುವೆಯಾಗಿ ನಿಲ್ಲುವುದನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ. 1893ರಲ್ಲಿಯೇ ಅವನು ತೀರಿಕೊಂಡ. ತಮ್ಮನಾದ ಆಲ್ಬರ್ಟ್ ಕೆಲಸವನ್ನು ಮುಂದುವರಿಸಿದ. ಆ ಕೈವಾಡದ ಒಂದು ಸಂತತಿ 1914ರಲ್ಲಿ ನಮ್ಮ ರಾಮೇಶ್ವರದ ಪಾಂಬನ್ ರೈಲುಸೇತುವೆಯ ನಡುವೆ ನೆಲೆಸಿತು. ಇನ್ನೊಂದು 1931ರಲ್ಲಿ ಸಿಯಾಟಲ್‌ನ ದಕ್ಷಿಣಕ್ಕೆ, ಡುವಾಮಿಷ್ ನದಿಯ ಮೇಲೆ, ಸೌತ್ ಪಾರ್ಕ್ ಎಂಬ ಬಡಾವಣೆಯ ಬಾಗಿಲಲ್ಲಿ ನಿಂತಿತು.

ಡುವಾಮಿಷ್ ಎಂಬುದು ಮೊದಲು ಒಂದು ಜನಾಂಗದ ಹೆಸರು. ಸಿಯಾಟಲ್ ನಗರ ಹೊತ್ತಿರುವುದೂ ಆ ಜನರ ನಾಯಕನೊಬ್ಬನ ಹೆಸರನ್ನೇ. ಹಾವಿನಂತೆ ಹರಿಯುತ್ತಿದ್ದ ಅವರ ನದಿಯನ್ನು ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಅಗೆದು, ನೆಟ್ಟಗೆ ಮಾಡಿ, ಹಡಗುಗಳ ಕಾಲುವೆಯನ್ನಾಗಿಸಿದರು. ದಡದಲ್ಲಿ ಕಾರ್ಖಾನೆಗಳೆದ್ದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೋಯಿಂಗ್ ಕಂಪನಿಯ ಬಾಂಬರ್ ವಿಮಾನಗಳು ಸಿದ್ಧವಾದದ್ದು ಈ ಸೇತುವೆಯ ಪಕ್ಕದಲ್ಲಿಯೇ. ವೈಮಾನಿಕ ದಾಳಿಯ ಭಯದಿಂದ ಆ ಕಾರ್ಖಾನೆಯ ಮಾಡಿನ ಮೇಲೆ ಹುಸಿ ಮನೆಗಳನ್ನೂ ಹುಸಿ ಬೀದಿಗಳನ್ನೂ ನಿರ್ಮಿಸಿದ್ದರು. ಸೌತ್ ಪಾರ್ಕ್‌ನ ಮನೆಗಳಾದರೋ ನಿಜವಾದವು. ಅಲ್ಲಿದ್ದವರು ದುಡಿಯುವ ಜನ, ಹೊರಗಿನಿಂದ ಬಂದು ನೆಲೆಸಿದವರು. ಅವರ ಪೇಟೆಗೂ ಆಚೆಯ ದುಡಿಮೆಗೂ ಸೇತುವೆಯೇ ಕೊಂಡಿ.

1982ರಲ್ಲಿ ಈ ಸೇತುವೆ ರಾಷ್ಟ್ರದ ಐತಿಹಾಸಿಕ ಸ್ಮಾರಕಗಳ ಪಟ್ಟಿಗೆ ಸೇರಿತು. ಗೌರವ ಬಂತು, ಜೊತೆಗೆ ವಯಸ್ಸೂ ಬಂತು. 2001ರ ಫೆಬ್ರವರಿ 28ರ ಭೂಕಂಪ ಅದನ್ನು ಮತ್ತಷ್ಟು ಜರ್ಜರಗೊಳಿಸಿತು. ಸೇತುವೆಗಳ ಯೋಗ್ಯತೆಯನ್ನು ಅಳೆಯುವ ಅಲ್ಲಿನ ಪರೀಕ್ಷೆಯಲ್ಲಿ ಕೊನೆಗೆ ಅದಕ್ಕೆ ದೊರೆತದ್ದು ನೂರಕ್ಕೆ ನಾಲ್ಕು ಅಂಕ.

ಹಾಗಾದರೆ ಕೆಡವಿ ಹೊಸತನ್ನು ಕಟ್ಟಬಾರದೆ? ಇಲ್ಲಿಯೇ ಕಾನೂನು ನಡುವೆ ಬರುತ್ತದೆ. 1970ರ ಜನವರಿ 1ರಂದು ಅಮೆರಿಕದ ರಾಷ್ಟ್ರೀಯ ಪರಿಸರ ನೀತಿಯ ಕಾಯಿದೆಗೆ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದರು. ಅದನ್ನು ಸೆನೆಟ್ಟಿನಲ್ಲಿ ಮುನ್ನಡೆಸಿದ ಹೆನ್ರಿ ಜಾಕ್ಸನ್ ಸಿಯಾಟಲ್ ನಗರವಿರುವ ವಾಷಿಂಗ್ಟನ್ ರಾಜ್ಯದವರೇ. ಕೇಂದ್ರದ ಹಣವಾಗಲಿ ಅನುಮತಿಯಾಗಲಿ ಬೇಕಾದ ದೊಡ್ಡ ಕೆಲಸಕ್ಕೆ ಮೊದಲು ಅದರ ಪರಿಣಾಮಗಳನ್ನು ಬರೆದಿಡಬೇಕು, ಬೇರೆ ದಾರಿಗಳನ್ನು ತೂಗಿ ನೋಡಬೇಕು, ಜನರ ಮಾತನ್ನು ಕೇಳಬೇಕು ಎಂಬುದು ಅದರ ಸಾರ. ಇದನ್ನೇ ಮಾಡು ಎಂದು ಈ ಕಾನೂನು ವಿಧಿಸುವುದಿಲ್ಲ. ಯೋಚಿಸಿ ಮಾಡು ಎನ್ನುತ್ತದೆ.

ಸೌತ್ ಪಾರ್ಕ್‌ನಲ್ಲಿ ಯೋಚಿಸಬೇಕಾದದ್ದು ಅಲ್ಪವಾಗಿರಲಿಲ್ಲ. ಆ ನೀರಿನಲ್ಲಿ ಹಾದುಹೋಗುವ ಚಿನೂಕ್ ಸಾಲ್ಮನ್ ಮೀನು 1999ರಲ್ಲಿ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿತ್ತು. ಕಾರ್ಖಾನೆಗಳ ವಿಷ ನದಿಯ ತಳದ ಕೆಸರಿನಲ್ಲಿ ಮಡುಗಟ್ಟಿ, 2001ರಲ್ಲಿ ಡುವಾಮಿಷ್‌ನ ಕೆಳಹರಿವು ದೇಶದ ಅತಿಮಲಿನ ತಾಣಗಳಲ್ಲೊಂದೆಂದು ಘೋಷಿತವಾಗಿತ್ತು. ಹೊಸ ಕಂಬಕ್ಕಾಗಿ ಕೆಸರನ್ನು ಕಲಕಿದರೆ ವಿಷ ಮೇಲೇಳಬಹುದು. ಹಡಗುಗಳ ಗೊಡವೆ ಬೇಡವೆಂದು ಎತ್ತರದ ಸ್ಥಿರ ಸೇತುವೆಯನ್ನು ಕಟ್ಟಿದರೆ, ಅದಕ್ಕೆ ಏರುವ ಉದ್ದನೆಯ ಇಳಿಜಾರು ಊರಿನ ಪೇಟೆಯ ಮೇಲೆಯೇ ಹಾಯಬೇಕು. ಹಳೆಯದನ್ನೇ ದುರಸ್ತಿ ಮಾಡೋಣವೆಂದರೆ ತಳಹದಿಯೇ ದುರ್ಬಲ. ಕೆಡವೋಣವೆಂದರೆ ಅದು ಸ್ಮಾರಕ. ಒಂದೊಂದು ಪ್ರಶ್ನೆಯೂ ನ್ಯಾಯವಾದದ್ದೇ. ಎಲ್ಲವನ್ನೂ ತೂಗಿ, ಎರಡು ರೆಕ್ಕೆಗಳ ಹೊಸ ಎತ್ತುಸೇತುವೆಯೇ ಸರಿ ಎಂಬ ತೀರ್ಮಾನಕ್ಕೆ ಬಂದರು.

ತೀರ್ಮಾನವಾಯಿತು, ಹಣ ಬರಲಿಲ್ಲ. ದಿನಕ್ಕೆ ಸುಮಾರು 20,000 ವಾಹನಗಳನ್ನು ದಾಟಿಸುತ್ತಿದ್ದ ಸೇತುವೆಯನ್ನು 2010ರ ಜೂನ್ 30ರಂದು ಮುಚ್ಚಲಾಯಿತು. ಆ ಸಂಜೆ ಊರ ಜನ, ಹಿರಿಯರೊಬ್ಬರನ್ನು ಕಳುಹಿಸಿಕೊಡುವವರಂತೆ, ನೆರೆದು ಅದಕ್ಕೆ ವಿದಾಯ ಹೇಳಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರದಿಂದ 3.4 ಕೋಟಿ ಡಾಲರ್ ಮಂಜೂರಾಗಿ, ಕೌಂಟಿ, ನಗರ, ರಾಜ್ಯಗಳ ಪಾಲೂ ಕೂಡಿಬಂದ ಮೇಲೆ, 2011ರಲ್ಲಿ ಕೆಲಸ ಮೊದಲಾಯಿತು. 2014ರ ಜೂನ್ 30ರಂದು, ಸರಿಯಾಗಿ ನಾಲ್ಕು ವರ್ಷಕ್ಕೆ, ಹೊಸ ಸೇತುವೆ ತೆರೆಯಿತು. ನಡುವಿನ ಆ ನಾಲ್ಕು ವರ್ಷ ಪೇಟೆಯ ಅಂಗಡಿ, ಉಪಾಹಾರಗೃಹಗಳಿಗೆ ಗಿರಾಕಿಗಳು ಸುತ್ತುಬಳಸಿ ಬರಬೇಕಾಯಿತು. ಅನೇಕರು ಬರಲೇ ಇಲ್ಲ.

ಪರಿಸರ ಪರಿಶೀಲನೆಯೇ ಎಲ್ಲ ವಿಳಂಬಕ್ಕೂ ಮೂಲ ಎಂಬ ಮಾತು ಆ ದೇಶದಲ್ಲಿ ಈಗ ಬಲವಾಗಿದೆ. 2023ರ ತಿದ್ದುಪಡಿ ಇಂಥ ವರದಿಗೆ ಸಾಮಾನ್ಯವಾಗಿ ಎರಡು ವರ್ಷದ ಅವಧಿಯನ್ನೂ 150 ಪುಟಗಳ ಮಿತಿಯನ್ನೂ ವಿಧಿಸಿದೆ. ಆದರೆ ಸೌತ್ ಪಾರ್ಕ್‌ನ ಸೇತುವೆ ಮುಚ್ಚಿದಾಗ ಕೊರತೆಯಾಗಿದ್ದುದು ಹಣವೇ ಹೊರತು ಆಲೋಚನೆಯಲ್ಲ. ಪರಿಶೀಲನೆಯಲ್ಲಿ ದೋಷವಿಲ್ಲವೆಂದಲ್ಲ. ಅದು ತೂಗುವ ದಾರಿಗಳಲ್ಲಿ 'ಏನನ್ನೂ ಮಾಡದಿರುವುದು' ಎಂಬುದೂ ಒಂದು. ಕಾಗದದ ಮೇಲೆ ಅದು ನಿಶ್ಚಲವಾಗಿ, ನಿರಪಾಯವಾಗಿ ಕಾಣುತ್ತದೆ. ಆದರೆ ನಾವು ಏನನ್ನೂ ಮಾಡದಿದ್ದಾಗಲೂ ತುಕ್ಕು ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ. ಮೀನಿನ ಗತಿಯನ್ನು ಎಣಿಸುವಂತೆಯೇ ಅಂಗಡಿಯವನ ಗತಿಯನ್ನೂ, ಕೆಸರಿನ ವಿಷವನ್ನು ಅಳೆಯುವಂತೆಯೇ ಕಾಯುವಿಕೆಯ ವಿಷವನ್ನೂ ಅಳೆದಾಗಲೇ ಪರಿಸರವೆಂಬ ಮಾತು ಪೂರ್ಣವಾದೀತು.

ನಮ್ಮ ಪಾಂಬನ್‌ನ ಹಳೆಯ ಸೇತುವೆಯೂ ದಣಿದಿತ್ತು. 1964ರ ಚಂಡಮಾರುತವನ್ನು ಕಂಡಿದ್ದ ಆ ಹಿರಿಯನ ಮೇಲೆ 2022ರ ಡಿಸೆಂಬರ್‌ನಲ್ಲಿ ರೈಲು ನಿಂತಿತು. 2025ರ ಏಪ್ರಿಲ್ 6ರಂದು, ರಾಮನವಮಿಯ ದಿನ, 72.5 ಮೀಟರ್ ಉದ್ದದ ತೊಲೆ ನೇರವಾಗಿ ಮೇಲೇಳುವ ಹೊಸ ಸೇತುವೆ ಉದ್ಘಾಟನೆಯಾಯಿತು. ಪಕ್ಕದ ಮನ್ನಾರ್ ಕೊಲ್ಲಿಯಲ್ಲಿ 1986ರಿಂದ ಸಾಗರ ರಾಷ್ಟ್ರೀಯ ಉದ್ಯಾನವಿದೆ. ಆದರೂ ಪರಿಸರ ಪರಿಣಾಮ ಪರಿಶೀಲನೆಗಾಗಿ ನಮ್ಮಲ್ಲಿ 2006ರಲ್ಲಿ ಹೊರಡಿಸಿದ ಅಧಿಸೂಚನೆಯ ಪಟ್ಟಿಯಲ್ಲಿ ರೈಲುಮಾರ್ಗಗಳು ಸೇರಿಲ್ಲ. ಒಂದೇ ಕುಲದ ಎರಡು ಸೇತುವೆಗಳಲ್ಲಿ ಒಂದಕ್ಕೆ ಪ್ರಶ್ನೆಗಳ ದೀರ್ಘ ಮಾಲೆ, ಇನ್ನೊಂದಕ್ಕೆ ಆ ಮಾಲೆಯಿಂದ ವಿನಾಯಿತಿ. ಬೇಗ ಕಟ್ಟಿದೆವೆಂಬ ಹೆಮ್ಮೆ ಸಹಜ. ಕೇಳದೆ ಬಿಟ್ಟ ಪ್ರಶ್ನೆಗಳಿಗೆ ಕಡಲು ನಿಧಾನವಾಗಿ ಉತ್ತರ ಹೇಳುತ್ತದೆ ಎಂಬುದನ್ನೂ ನೆನಪಿಡಬೇಕು.

ಸೌತ್ ಪಾರ್ಕ್‌ನ ಹಳೆಯ ಸೇತುವೆಯ ಹಲ್ಲುಚಕ್ರಗಳೇ ಮೊದಲಾದ ಕೆಲವು ಭಾಗಗಳನ್ನು ಹೊಸದರ ಆವರಣದಲ್ಲಿ ಕಲಾಕೃತಿಗಳಾಗಿ ಉಳಿಸಿಕೊಂಡಿದ್ದಾರೆ. ಅವು ಈಗ ಏನನ್ನೂ ಎತ್ತುವುದಿಲ್ಲ. ಆದರೂ ದಾಟುವವನಿಗೆ, ತನಗೆ ಮೊದಲು ದಾಟಿದವರಿದ್ದರು ಎಂಬುದನ್ನು ಅವು ತಿಳಿಸುತ್ತವೆ. ಸೇತುವೆ ಕಟ್ಟುವುದು ಎರಡು ದಡಗಳನ್ನು ಮಾತ್ರವಲ್ಲ, ಎರಡು ತಲೆಮಾರುಗಳನ್ನು ಕೂಡ.