ವಿಕಿಪೀಡಿಯದಲ್ಲಿ ನಮ್ಮೂರಿನ ಮಾಹಿತಿ ತಪ್ಪಿದ್ದರೆ ಯಾರು ತಿದ್ದಬಹುದು? ಅಂಗಡಿಯವರೂ ತಿಳಿದಿರಬೇಕಾದ ವಿಷಯ

ಕಾಯ್ಕಿಣಿ (ಭಟ್ಕಳ): ಪಕ್ಕದ ಮುರ್ಡೇಶ್ವರದ ರಾಜಗೋಪುರದ ಎತ್ತರ ಇಂಟರ್ನೆಟ್‌ನಲ್ಲಿ ಒಂದು ಕಡೆ 237 ಅಡಿ, ಇನ್ನೊಂದು ಕಡೆ 249 ಅಡಿ ಅಂತ ಇದೆ. ಪ್ರವಾಸಿಗರು ಮೊಬೈಲ್‌ನಲ್ಲಿ ಕಂಡಿದ್ದನ್ನೇ ನಂಬುತ್ತಾರೆ. ಹಾಗಾದರೆ ಇಂಥ ಮಾಹಿತಿ ತಿದ್ದುವ ಅಧಿಕಾರ ಯಾರ ಕೈಯಲ್ಲಿದೆ? ಇಲ್ಲಿದೆ ಪೂರ್ತಿ ವಿವರ.

ಎಲ್ಲರಿಗೂ ತೆರೆದ ಬಾಗಿಲು

ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರ ಜೂನ್‌ನಲ್ಲಿ. ಅದರ ಬಹುತೇಕ ಪುಟಗಳನ್ನು ಯಾರು ಬೇಕಾದರೂ ತಿದ್ದಬಹುದು. ಖಾತೆ ಇರಲೇಬೇಕು ಅಂತಿಲ್ಲ. ದುಡ್ಡು ಕೊಡಬೇಕಾಗಿಲ್ಲ. ಯಾರು, ಯಾವಾಗ, ಏನು ಬದಲಿಸಿದರು ಅನ್ನೋದು 'ಇತಿಹಾಸ'ದಲ್ಲಿ ಉಳಿದಿರುತ್ತದೆ. ಯಾರಾದರೂ ಕಿತಾಪತಿ ಮಾಡಿದರೆ ಹಳೆಯ ಬರಹವನ್ನು ಮರಳಿ ತರಬಹುದು.

ಎಲ್ಲೆಲ್ಲಿ ಬೀಗ ಇದೆ?

* ಅರೆ ಬೀಗ: ಪದೇ ಪದೇ ಹಾಳು ಮಾಡುವ ಪುಟಗಳಿಗೆ. ಹೊಸಬರು ಕೂಡಲೇ ತಿದ್ದಲು ಬರುವುದಿಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಾದರೆ ಖಾತೆ ತೆರೆದು 4 ದಿನ ಆಗಿರಬೇಕು, 10 ತಿದ್ದುಪಡಿ ಮಾಡಿರಬೇಕು.

* ಪೂರ್ತಿ ಬೀಗ: ನಿರ್ವಾಹಕರು ಮಾತ್ರ ತಿದ್ದಬಹುದು. ಇವರು ಸರ್ಕಾರದ ಸಿಬ್ಬಂದಿ ಅಲ್ಲ. ಅಲ್ಲೇ ಬರೆಯುವವರು ಚರ್ಚಿಸಿ ಆರಿಸಿದ ಸ್ವಯಂಸೇವಕರು.

* ಸೈಟಿನ ಒಳಭಾಗ: ಬಟನ್, ಮೆನುಗಳ ಹೆಸರು ನಿರ್ವಾಹಕರ ಕೈಯಲ್ಲಿ. ಇಡೀ ಸೈಟಿಗೆ ಅನ್ವಯವಾಗುವ ಕೋಡ್ ಮುಟ್ಟಲು 2018ರಿಂದ ಬೇರೆಯದೇ ಅನುಮತಿ ಬೇಕು. ಅಲ್ಲಿ ಒಂದು ಕೆಟ್ಟ ಕೋಡ್ ಸೇರಿದರೆ ಓದುವ ಪ್ರತಿಯೊಬ್ಬರ ಫೋನಿನಲ್ಲೂ ಅದು ಕೆಲಸ ಮಾಡುತ್ತದೆ, ಅದಕ್ಕೇ ಈ ಬಿಗಿ.

ಗಮನಿಸಿ: ಒಂದೇ ಪುಟದ ಅರ್ಧ ಭಾಗಕ್ಕೆ ಮಾತ್ರ ಬೀಗ ಹಾಕುವ ವ್ಯವಸ್ಥೆ ಇಲ್ಲ. ಹಾಕಿದರೆ ಇಡೀ ಪುಟಕ್ಕೆ.

ಬೀಗ ಇದ್ದರೆ ಏನು ಮಾಡಬೇಕು?

ಪುಟದ ಜೊತೆಗಿರುವ 'ಚರ್ಚೆ'ಗೆ ಹೋಗಿ. ಯಾವ ಸಾಲು ತಪ್ಪು, ಸರಿ ಏನು, ಅದಕ್ಕೆ ಆಧಾರ ಏನು ಅಂತ ಬರೆಯಿರಿ. ಪತ್ರಿಕೆ, ಪುಸ್ತಕ, ಸರ್ಕಾರಿ ದಾಖಲೆ ನಡೆಯುತ್ತದೆ. "ನಾನು ಇದೇ ಊರಿನವ, ನನಗೆ ಗೊತ್ತು" ಅಂದರೆ ಸಾಲದು. ಗೋಪುರದ ಅಡಿ ಲೆಕ್ಕಕ್ಕೂ ಇದೇ ಮಾತು. ನಿಮ್ಮದೇ ಅಂಗಡಿ, ಲಾಡ್ಜ್ ಬಗ್ಗೆ ನೀವೇ ಬರೆದುಕೊಳ್ಳುವುದನ್ನು ಅಲ್ಲಿ ಒಪ್ಪುವುದು ಕಷ್ಟ.

ಅಂಗಡಿಯವರಿಗೆ ಗೂಗಲ್ ಮ್ಯಾಪ್

ಗೂಗಲ್ ಮ್ಯಾಪ್‌ನಲ್ಲಿ ಕ್ರಮ ಬೇರೆ. ಅಂಗಡಿಯ ಸಮಯ, ಫೋನ್ ನಂಬರ್ ತಪ್ಪಿದೆ ಅಂತ ಯಾವ ಗಿರಾಕಿಯೂ ತಿದ್ದುಪಡಿ ಸೂಚಿಸಬಹುದು. ಅಂಗಡಿ ಮುಚ್ಚಿದೆ ಅಂತಲೂ ಸೂಚಿಸಬಹುದು. ಆದರೆ ಆ ಪುಟವನ್ನು ನಡೆಸುವವರು ಇಬ್ಬರು: ಓನರ್ ಮತ್ತು ಮ್ಯಾನೇಜರ್. ಮ್ಯಾನೇಜರ್ ಫೋಟೋ ಹಾಕಬಹುದು, ಸಮಯ ಬದಲಿಸಬಹುದು, ಗಿರಾಕಿಗಳಿಗೆ ಉತ್ತರ ಕೊಡಬಹುದು. ಬೇರೆಯವರನ್ನು ಸೇರಿಸುವುದು, ತೆಗೆಯುವುದು, ಇಡೀ ಪುಟ ಅಳಿಸುವುದು ಓನರ್ ಕೈಯಲ್ಲಿ ಮಾತ್ರ.

ಮುಖ್ಯ ಅಂದ್ರೆ ಇದೇ. ಕೆಲಸದ ಹುಡುಗನೋ, ಸೈಟ್ ಮಾಡಿಕೊಡುವವರೋ ತಮ್ಮ ಜಿಮೇಲ್‌ನಿಂದಲೇ ಪುಟ ತೆರೆದಿದ್ದರೆ ದಾಖಲೆಯಲ್ಲಿ ಅವರೇ ಓನರ್. ಅವರು ಕೆಲಸ ಬಿಟ್ಟು ಹೋದರೂ ಕೀಲಿ ಅವರ ಬಳಿಯೇ ಇರುತ್ತದೆ. ಆಗ ಗೂಗಲ್‌ಗೆ ಮಾಲೀಕತ್ವದ ಕೋರಿಕೆ ಕಳಿಸಬೇಕು. ಉತ್ತರಿಸಲು ಈಗಿರುವ ಓನರ್‌ಗೆ 3 ದಿನ ಸಮಯ ಇರುತ್ತದೆ.

ಇವತ್ತೇ ನೋಡಿಕೊಳ್ಳಿ

1. ನಿಮ್ಮ ಅಂಗಡಿಯ ಪುಟಕ್ಕೆ ಓನರ್ ಯಾರ ಜಿಮೇಲ್?

2. ಕೆಲಸ ಬಿಟ್ಟವರ ಹೆಸರು ಇನ್ನೂ ಇದೆಯಾ? ಇದ್ದರೆ ತೆಗೆಯಿರಿ.

3. ಸಹಾಯಕ್ಕೆ ಇರುವವರನ್ನು ಮ್ಯಾನೇಜರ್ ಮಾಡಿ. ಪಾಸ್‌ವರ್ಡ್ ಮಾತ್ರ ಯಾರಿಗೂ ಕೊಡಬೇಡಿ.

ಸಂಘ, ದೇವಸ್ಥಾನ ಸಮಿತಿ, ಯುವಕ ಮಂಡಳದ ವೆಬ್‌ಸೈಟ್‌ಗೂ ಇದೇ ಲೆಕ್ಕ. ಸುದ್ದಿ ಹಾಕುವವರಿಗೆ ಸುದ್ದಿ ವಿಭಾಗ ಸಾಕು, ದೇಣಿಗೆಯ ಬ್ಯಾಂಕ್ ಖಾತೆ ನಂಬರ್ ಇರುವ ಪುಟ ತಿದ್ದುವ ಅನುಮತಿ ಬೇಕಾಗಿಲ್ಲ.