ಟಪಾಲು ಕಾರ್ಡಿನಿಂದ ಬಿಲ್ ಗೇಟ್ಸನ ಸಾವಿರ ಡಾಲರ್ ತನಕ

"ಎಂಟು ಜನಕ್ಕೆ ಕಳಿಸಿ, ಮೊಬೈಲ್ ಪುಕ್ಕಟೆ ಪಡೆಯಿರಿ" ಅನ್ನೋ ಮಿಂಚಂಚೆ ಒಂದಲ್ಲ ಒಂದು ದಿನ ನಿಮಗೂ ಬಂದಿರುತ್ತೆ. ಇಂಟರ್ನೆಟ್ಟಿನ ಜೊತೆ ಹುಟ್ಟಿದ ಪೀಡೆ ಇದು ಅಂದುಕೊಳ್ಳಬೇಡಿ. ಇದರ ಅಜ್ಜ ಟಪಾಲಿನ ಕಾಲದವನು.

ಸವಣೂರು ತಾಲ್ಲೂಕಿನ ನಮ್ಮ ಯಲವಿಗಿಯಂಥ ಊರುಗಳಿಗೂ ಆಗ ಸಂತೋಷಿ ಮಾತೆಯ ಹೆಸರಲ್ಲಿ, ತಿರುಪತಿ ತಿಮ್ಮಪ್ಪನ ಹೆಸರಲ್ಲಿ ಕಾರ್ಡು ಬರ್ತಿದ್ವು. ಇಷ್ಟು ಪ್ರತಿ ಬರೆದು ಹಂಚಿದವನಿಗೆ ಲಾಟರಿ ಹೊಡೀತು, ಹರಿದು ಎಸೆದವನ ಮನೆಯಲ್ಲಿ ಕೇಡಾಯ್ತು ಅಂತ ಒಕ್ಕಣೆ. ಆದರೆ ಅದಕ್ಕೆ ಹದಿನೈದು ಪೈಸೆಯ ಕಾರ್ಡು ಕೊಳ್ಳಬೇಕಿತ್ತು, ಕೈ ನೋಯುವ ತನಕ ಬರೀಬೇಕಿತ್ತು. ಅಷ್ಟರಲ್ಲಿ ಎಷ್ಟೋ ಜನಕ್ಕೆ ಬುದ್ಧಿ ಬರ್ತಿತ್ತು :)

ದುಡ್ಡಿನ ಆಸೆ ತೋರಿಸೋ ಸರಪಳಿ ಪತ್ರ ದೊಡ್ಡದಾಗಿ ಹಬ್ಬಿದ್ದು 1935ರಲ್ಲಿ, ಅಮೆರಿಕದ ಡೆನ್ವರ್‌ನಲ್ಲಿ. ಪಟ್ಟಿಯ ಮೊದಲ ಹೆಸರಿಗೆ ಹತ್ತು ಸೆಂಟು ಕಳಿಸಿ, ಆ ಹೆಸರು ಹೊಡೆದು, ಕೊನೆಗೆ ನಿಮ್ಮ ಹೆಸರು ಸೇರಿಸಿ ಐವರಿಗೆ ಕಳಿಸಿ; ಸರದಿ ಬಂದಾಗ 1562 ಡಾಲರ್ 50 ಸೆಂಟು! ಅಂಚೆ ಕಚೇರಿಗಳು ಪತ್ರಗಳಲ್ಲಿ ಮುಳುಗಿಹೋದವು. ನಮ್ಮಲ್ಲಿ ಇಂಥ ಹಣದ ಸರಪಳಿಗಳನ್ನು 1978ರ ಕಾಯ್ದೆ ನಿಷೇಧಿಸಿತು.

1997ರ ಆಗಸ್ಟಿನಲ್ಲಿ ಧಾರವಾಡ ಒಡೆದು ನಮ್ಮದು ಹಾವೇರಿ ಜಿಲ್ಲೆ ಆಯ್ತು. ಅದೇ ನವೆಂಬರಿನಲ್ಲಿ, ಇತ್ತ ನಮ್ಮೂರಲ್ಲಿ ಇ-ಮೇಲ್ ಅಂದ್ರೇನು ಅಂತ ಗೊತ್ತಿಲ್ಲದ ಹೊತ್ತಲ್ಲಿ, ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ತಮಾಷೆಗೆ ಬಿಲ್ ಗೇಟ್ಸನ ಹೆಸರಲ್ಲಿ ಒಂದು ಮೇಲ್ ಬರೆದ. ಇದು ಸಾವಿರ ಜನಕ್ಕೆ ಮುಟ್ಟಿದರೆ ಎಲ್ಲರಿಗೂ ಸಾವಿರ ಡಾಲರ್, ಜೊತೆಗೆ ವಿಂಡೋಸ್ 98 ಪುಕ್ಕಟೆ ಅಂತ. ಗೆಳೆಯರಿಗೆಂದು ಬರೆದ ಆ ಜೋಕು ವೇಷ ಬದಲಿಸುತ್ತಾ ವರ್ಷಗಟ್ಟಲೆ ಜಗತ್ತು ಸುತ್ತಿತು. 2000ದಲ್ಲಿ ಎರಿಕ್ಸನ್ ಹೆಸರಿನ ಮೇಲ್ ಬಂತು: ಎಂಟು ಜನಕ್ಕೆ ಕಳಿಸಿದರೆ ಒಂದು ಫೋನು, ಇಪ್ಪತ್ತು ಜನಕ್ಕಾದರೆ ಇನ್ನೂ ದುಬಾರಿಯದು. ಎರಿಕ್ಸನ್ ಇದು ಸುಳ್ಳು ಅಂತ ಹೇಳಿತು, ಯಾರು ಕೇಳ್ತಾರೆ?

ಲೆಕ್ಕ ಹಾಕಿ ನೋಡೋಣ. ಒಬ್ಬೊಬ್ಬರೂ ಹೊಸ ಎಂಟು ಜನಕ್ಕೆ ಕಳಿಸಿದರೆ ಹತ್ತನೇ ಸುತ್ತಿಗೆ 107 ಕೋಟಿ ಜನ. 2001ರ ಜನಗಣತಿಯಲ್ಲಿ ಇಡೀ ಭಾರತವೇ ಸುಮಾರು 103 ಕೋಟಿ ಇತ್ತು. ಅಷ್ಟು ಫೋನು ಪುಕ್ಕಟೆ ಕೊಡೋ ಕಂಪನಿ ಎಲ್ಲಿದೆ ಸ್ವಾಮಿ? ಇನ್ನೊಂದು ಮಾತು. ನೀವು ಫಾರ್ವರ್ಡ್ ಮಾಡಿದ ಮೇಲ್ ನೀವು ಬರೆದ ವಿಳಾಸಗಳಿಗೆ ಹೋಗುತ್ತೆ, ಅಷ್ಟೇ. ಅಲ್ಲಿಂದ ಮುಂದೆ ಎಷ್ಟು ಜನಕ್ಕೆ ಹೋಯ್ತು ಅಂತ ಎಣಿಸಿ ಮೊದಲಿನವನಿಗೆ ವರದಿ ಒಪ್ಪಿಸೋ ವ್ಯವಸ್ಥೆ ಇ-ಮೇಲಿನಲ್ಲಿ ಇಲ್ಲವೇ ಇಲ್ಲ. ಎಣಿಸಲಾಗದ ಮೇಲೆ ಬಹುಮಾನ ಯಾವ ಲೆಕ್ಕದಲ್ಲಿ ಕೊಡ್ತಾರೆ? ಸಿಗೋದು ಸ್ಪ್ಯಾಮ್ ಕಳಿಸೋರಿಗೆ ಮಾತ್ರ: ಫಾರ್ವರ್ಡ್ ಆಗುತ್ತಾ ಬಾಲದಂತೆ ಬೆಳೆದ ನೂರಾರು ವಿಳಾಸಗಳ ಪಟ್ಟಿ.

ಈಗ ಅದೇ ಸರಕು ವಾಟ್ಸಾಪಿನಲ್ಲಿದೆ. 2021ರಲ್ಲಿ ಅಮೆಜಾನ್ 30ನೇ ವಾರ್ಷಿಕೋತ್ಸವ, ಟಾಟಾ 150ನೇ ವಾರ್ಷಿಕೋತ್ಸವ ಅಂತ ಎರಡು ಓಡಾಡಿದವು. ಅಮೆಜಾನ್ ಶುರುವಾಗಿದ್ದು 1994ರಲ್ಲಿ, ಟಾಟಾ 1868ರಲ್ಲಿ. ಕಳೆಯೋ ಲೆಕ್ಕ ಬರೋ ಮಕ್ಕಳೂ ಹಿಡಿದುಬಿಡೋ ಸುಳ್ಳು! ಇವುಗಳಲ್ಲಿ ಲಿಂಕು ಬೇರೆ. ಹಳೆ ಕಾರ್ಡು ಹೆದರಿಸ್ತಿತ್ತು, ಹಳೆ ಮೇಲ್ ಆಸೆ ತೋರಿಸ್ತಿತ್ತು, ಈ ಲಿಂಕು ಬ್ಯಾಂಕಿನ ಖಾತೆಗೇ ಕೈ ಹಾಕಬಹುದು. ವಾಟ್ಸಾಪ್ 2018ರಲ್ಲಿ ಭಾರತದಲ್ಲಿ ಒಂದು ಸಲಕ್ಕೆ ಐದೇ ಚಾಟಿಗೆ ಫಾರ್ವರ್ಡ್ ಅಂತ ಮಿತಿ ಹಾಕಿತು. ಓಟ ಸ್ವಲ್ಪ ನಿಧಾನ ಆದೀತು, ಆಸೆ ಕಡಿಮೆ ಆಗಬೇಕಲ್ಲ.

ಬಂದರೆ ಅಳಿಸಿ ಸುಮ್ಮನಾಗೋದು ಅರ್ಧ ಕೆಲಸ. ಕಳಿಸಿದವರಿಗೂ ಹೇಳಬೇಕು, ಅದೂ ಗುಂಪಿನಲ್ಲಿ ಮಾನ ಹರಾಜು ಹಾಕದೆ, ಅವರೊಬ್ಬರಿಗೇ. "ಕಾಕಾ, ಇದು ಖರೇ ಅಲ್ರೀ, ಯಾರಿಗೂ ಕಳಸಬ್ಯಾಡ್ರಿ. ಲಿಂಕ್ ಒತ್ತೀರೇನು?" ಅಂದರೆ ಸಾಕು. ಒತ್ತಿದ್ದರೆ ಓಟಿಪಿ, ಪಿನ್ ಏನಾದರೂ ಕೊಟ್ಟಿದ್ದಾರಾ ಕೇಳಿ. ದುಡ್ಡು ಬರಲಿಕ್ಕೆ ಯುಪಿಐ ಪಿನ್ ಒತ್ತಬೇಕಿಲ್ಲ ಅನ್ನೋದು ಇನ್ನೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಖಾತೆಯಿಂದ ಹಣ ಹೋಗಿದ್ದರೆ ನಾಳೆ ನೋಡೋಣ ಅನ್ನದೆ ಆಗಲೇ ಬ್ಯಾಂಕಿಗೂ 1930ಕ್ಕೂ ಫೋನ್ ಮಾಡಿಸಿ.