ಮಧ್ಯಂತರ ಉಪವಾಸ: ತುಮಕೂರು ಸೀಮೆಯ ಒಪ್ಪೊತ್ತಿನಿಂದ ಇಂದಿನ ಚಿಕಿತ್ಸೆಯವರೆಗೆ

ಮಧ್ಯಂತರ ಉಪವಾಸವೆಂದರೆ ಗೊತ್ತುಮಾಡಿಕೊಂಡ ಹೊತ್ತಿನಲ್ಲಿ ಮಾತ್ರ ಉಂಡು ಉಳಿದ ಹೊತ್ತು ಆಹಾರ ಬಿಡುವ ಪದ್ಧತಿ. ದಿನದ ಊಟವನ್ನೆಲ್ಲ 8 ಗಂಟೆಯೊಳಗೆ ಮುಗಿಸುವುದು, ದಿನ ಬಿಟ್ಟು ದಿನ ಉಪವಾಸವಿರುವುದು, ವಾರಕ್ಕೆರಡು ದಿನ ಅಲ್ಪಾಹಾರ ತೆಗೆದುಕೊಳ್ಳುವುದು ಇದರ ಮುಖ್ಯ ಬಗೆಗಳು. ಸ್ಥೂಲಕಾಯದ ವಯಸ್ಕರಲ್ಲಿ ತೂಕ, ರಕ್ತದ ಸಕ್ಕರೆ, ರಕ್ತದೊತ್ತಡ ಇಳಿಸಲು ಇದನ್ನು ಈಗ ಸೂಚಿಸಲಾಗುತ್ತಿದೆ. ಹೆಸರು ಹೊಸದಾದರೂ ಆಚರಣೆ ನಮ್ಮ ಹಿರಿಯರದೇ ಎಂಬ ಮಾತು ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಸಾಮಾನ್ಯವಾಗಿ ಕೇಳಿಬರುತ್ತದೆ. ಅದು ಅರ್ಧ ನಿಜ. ಇಲ್ಲಿ ಉಪವಾಸ ಹಳೆಯದು, ತೂಕಕ್ಕಾಗಿ ಉಪವಾಸ ಹೊಸದು. ಇವೆರಡನ್ನು ಬೇರ್ಪಡಿಸಿ ನೋಡಿದಾಗಲೇ ಪ್ರಯೋಗಗಳು ಕೊಟ್ಟ ಉತ್ತರ ಅರ್ಥವಾಗುತ್ತದೆ: ಉಪವಾಸದ ಗುಣ ಬಹುಪಾಲು ಇರುವುದು ಗಡಿಯಾರದಲ್ಲಲ್ಲ, ಒಟ್ಟು ಉಣ್ಣುವ ಪ್ರಮಾಣ ಇಳಿಯುವುದರಲ್ಲಿ.

ಈ ಸೀಮೆಯಲ್ಲಿ ಏಕಾದಶಿ, ಸಂಕಷ್ಟಿ, ಶಿವರಾತ್ರಿ, ಶ್ರಾವಣದ ಒಪ್ಪೊತ್ತು, ರಂಜಾನಿನ ರೋಜಾ ಎಲ್ಲವೂ ಉಂಟು. ಬಸದಿಬೆಟ್ಟವೆನಿಸಿದ ಜೈನ ಕ್ಷೇತ್ರ ಮಂದರಗಿರಿ ತುಮಕೂರಿಗೆ ಹತ್ತಿರದಲ್ಲೇ ಇದೆ. ಸೂರ್ಯಾಸ್ತದ ಬಳಿಕ ಉಣ್ಣದ ಜೈನರ ನಿಯಮ ಇಂದಿನ ‘ಬೇಗ ಉಂಡು ಮುಗಿಸುವ’ ಪದ್ಧತಿಗೆ ಎಲ್ಲಕ್ಕಿಂತ ಸಮೀಪದ್ದು. ಆದರೆ ಇವೆಲ್ಲ ವ್ರತಗಳು, ದೇಹ ಕರಗಿಸುವ ಉಪಾಯಗಳಲ್ಲ. ಕ್ಯಾತ್ಸಂದ್ರದ ಸಿದ್ಧಗಂಗಾ ಮಠವಾಗಲಿ, ಕುಣಿಗಲ್ ತಾಲ್ಲೂಕಿನ ಎಡೆಯೂರು ಸಿದ್ಧಲಿಂಗೇಶ್ವರ ಕ್ಷೇತ್ರವಾಗಲಿ ಹೆಸರಾಗಿರುವುದು ದಾಸೋಹಕ್ಕೆ, ಹಸಿದವರಿಗೆ ಉಣಬಡಿಸುವುದಕ್ಕೆ. 1876-78ರ ಭೀಕರ ಬರವನ್ನು ಕಂಡ ಮೈಸೂರು ಸೀಮೆಯಲ್ಲಿ ಇದು ಸಹಜವೇ. ವ್ರತದ ಲೆಕ್ಕವೂ ಬೇರೆ. ವರ್ಷಕ್ಕೆ ಏಕಾದಶಿ 24. ವಾರಕ್ಕೆರಡು ದಿನದ ಪದ್ಧತಿಯಲ್ಲಿ ಉಪವಾಸ 104 ದಿನ. ಅಷ್ಟೇ ಅಲ್ಲ, ಒಪ್ಪೊತ್ತಿನ ರಾತ್ರಿಯ ‘ಫಲಾಹಾರ’ದಲ್ಲಿ ಹಣ್ಣಿಗಿಂತ ಉಪ್ಪಿಟ್ಟು, ಅವಲಕ್ಕಿ, ದೋಸೆಗಳೇ ಮುಂದು. ಗುಬ್ಬಿ ಕಡೆಯ ತೆಂಗಿನ ತುರಿ ಧಾರಾಳವಾಗಿ ಬಿದ್ದರೆ ಬಿಟ್ಟ ಊಟದ ಕ್ಯಾಲೊರಿ ಆ ತಟ್ಟೆಯಲ್ಲೇ ಮರಳಿ ಬರುತ್ತದೆ.

ವೈದ್ಯಶಾಸ್ತ್ರ ಉಪವಾಸವನ್ನು ಕೈಗೆತ್ತಿಕೊಂಡ ಕಥೆಯೂ ಇದನ್ನೇ ಹೇಳುತ್ತದೆ. ಚರಕಸಂಹಿತೆ ಅತಿಸ್ಥೂಲನನ್ನು ಎಂಟು ಬಗೆಯ ನಿಂದಿತ ದೇಹಗಳಲ್ಲಿ ಎಣಿಸಿ, ದೇಹವನ್ನು ಹಗುರಗೊಳಿಸುವ ಲಂಘನದ ಹತ್ತು ಬಗೆಗಳಲ್ಲಿ ಉಪವಾಸವನ್ನೂ ವ್ಯಾಯಾಮವನ್ನೂ ಸೇರಿಸಿತು. ಆದರೆ ಸ್ಥೂಲನಿಗೆ ಅದು ಹೇಳಿದ್ದು ಬರಿ ಹೊಟ್ಟೆಯನ್ನಲ್ಲ. ಜೀರ್ಣಕ್ಕೆ ಭಾರವಾಗಿ ಪುಷ್ಟಿ ಕಡಿಮೆ ಕೊಡುವ ಆಹಾರವನ್ನು, ನವಣೆ, ಹಾರಕ, ಹುರುಳಿಯಂಥ ಧಾನ್ಯಗಳನ್ನು. 1935ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೇ ಮತ್ತು ಸಂಗಡಿಗರು ಆಹಾರ ಕಡಿತಗೊಳಿಸಿದ ಇಲಿಗಳು ಹೆಚ್ಚು ಕಾಲ ಬದುಕಿದ್ದನ್ನು ತೋರಿಸಿದರು. 1960ರ ದಶಕದಲ್ಲಿ ಪಶ್ಚಿಮದ ಆಸ್ಪತ್ರೆಗಳು ಸ್ಥೂಲಕಾಯದವರನ್ನು ವಾರಗಟ್ಟಲೆ ಪೂರ್ಣ ಉಪವಾಸದಲ್ಲಿಟ್ಟವು. ಸ್ಕಾಟ್ಲೆಂಡಿನ ಆಂಗಸ್ ಬಾರ್ಬಿಯೇರಿ ವೈದ್ಯರ ನಿಗಾದಲ್ಲಿ 382 ದಿನ ಊಟ ಬಿಟ್ಟದ್ದು ದಾಖಲೆ. ಅಂಥ ಚಿಕಿತ್ಸೆಯಲ್ಲಿ ಸಾವುಗಳು ಸಂಭವಿಸಿದ್ದರಿಂದ ಅದು ಹಿಂದೆ ಸರಿಯಿತು. 2012ರಲ್ಲಿ ಎರಡು ಘಟನೆಗಳು ಉಪವಾಸವನ್ನು ಮತ್ತೆ ಮುಂದೆ ತಂದವು: ಸಾಲ್ಕ್ ಸಂಸ್ಥೆಯ ಸಚ್ಚಿದಾನಂದ ಪಾಂಡಾ ತಂಡದ, ಉಣ್ಣುವ ಹೊತ್ತನ್ನು ಮಿತಿಗೊಳಿಸಿದ ಇಲಿ ಪ್ರಯೋಗ ಮತ್ತು ವಾರಕ್ಕೆರಡು ದಿನದ ಉಪವಾಸವನ್ನು ಮನೆಮಾತಾಗಿಸಿದ ಮೈಕೆಲ್ ಮೋಸ್ಲಿಯ ಬಿಬಿಸಿ ಸಾಕ್ಷ್ಯಚಿತ್ರ.

ಮನುಷ್ಯರ ಮೇಲಿನ ಪ್ರಯೋಗಗಳು ಆ ಉತ್ಸಾಹವನ್ನು ತಗ್ಗಿಸಿದವು. 2017ರಲ್ಲಿ ಪ್ರಕಟವಾದ, ಅಮೆರಿಕದಲ್ಲಿ 100 ಜನರ ಮೇಲೆ ಒಂದು ವರ್ಷ ನಡೆದ ಅಧ್ಯಯನದಲ್ಲಿ ದಿನ ಬಿಟ್ಟು ದಿನದ ಉಪವಾಸ ದಿನನಿತ್ಯದ ಮಿತಾಹಾರಕ್ಕಿಂತ ಮೇಲೆನಿಸಲಿಲ್ಲ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಚೀನಾದ ಗುವಾಂಗ್‌ಝೌನಲ್ಲಿ 139 ಸ್ಥೂಲಕಾಯದವರಿಗೆ ಒಂದೇ ಕ್ಯಾಲೊರಿ ಮಿತಿ ಹಾಕಿ, ಅರ್ಧದಷ್ಟು ಜನರಿಗೆ ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಮಾತ್ರ ಉಣ್ಣಲು ಹೇಳಲಾಯಿತು. ವರ್ಷದ ಕೊನೆಗೆ ಅವರು 8 ಕೆ.ಜಿ., ಉಳಿದವರು 6.3 ಕೆ.ಜಿ. ಇಳಿದಿದ್ದರು, ಸಂಖ್ಯಾಶಾಸ್ತ್ರದ ಪ್ರಕಾರ ಇದು ಗಣನೀಯ ವ್ಯತ್ಯಾಸವಲ್ಲ. ಇದಕ್ಕೆ ಎದುರಾಗಿ 2018ರ ಅಧ್ಯಯನವೊಂದನ್ನು ಉದಾಹರಿಸುವವರಿದ್ದಾರೆ. ಮಧುಮೇಹದ ಹೊಸ್ತಿಲಲ್ಲಿದ್ದ ಗಂಡಸರು ಮಧ್ಯಾಹ್ನ 3ರೊಳಗೆ ಉಂಡು ಮುಗಿಸಿದಾಗ ತೂಕ ಇಳಿಯದೆಯೂ ಇನ್ಸುಲಿನ್ ಸ್ಪಂದನ ಸುಧಾರಿಸಿತ್ತು. ಆಕ್ಷೇಪಕ್ಕೆ ತೂಕವಿದೆ, ಆದರೆ ಅದರಲ್ಲಿದ್ದವರು 8 ಮಂದಿ, ಅವಧಿ 5 ವಾರ. ಬೇಗ ಉಂಡು ಮುಗಿಸಿದ ಗುವಾಂಗ್‌ಝೌನವರಲ್ಲಿ ವರ್ಷವಾದರೂ ಅಂಥ ವಿಶೇಷ ಲಾಭ ಕಾಣಲಿಲ್ಲ. 2016ರಲ್ಲಿ ಯೋಶಿನೋರಿ ಓಸುಮಿ ಅವರಿಗೆ ಬಂದ ನೊಬೆಲ್ ಪ್ರಶಸ್ತಿಯನ್ನೂ ಉಪವಾಸಕ್ಕೆ ಸಾಕ್ಷಿಯಾಗಿ ತೋರಿಸುವುದುಂಟು. ಜೀವಕೋಶ ತನ್ನ ಕಸವನ್ನು ತಾನೇ ಕರಗಿಸುವ ಕ್ರಿಯೆಯನ್ನು ಅವರು ಬಿಡಿಸಿಟ್ಟದ್ದು ಯೀಸ್ಟ್‌ನಲ್ಲಿ, ಮನುಷ್ಯರ ಸೊಂಟದಲ್ಲಲ್ಲ.

ಹಾಗಾದರೆ ಒಂದು ಹೊತ್ತು ಉಂಡವ ಯೋಗಿ ಎಂಬ ಗಾದೆ ಸುಳ್ಳೇ? ಅದು ಹುಟ್ಟಿದ ಕಾಲದಲ್ಲಿ ಹೊಲದ ದುಡಿಮೆ, ಅಂಬಲಿ, ಮುದ್ದೆ, ಸೊಪ್ಪಿನ ಸಾರು ಜೊತೆಗಿದ್ದವು; ಕೂತು ದುಡಿದು ಸಂಜೆ ಕರಿದ ತಿಂಡಿ ತಿನ್ನುವವನಿಗೆ ಅದು ಒಪ್ಪುವುದಿಲ್ಲ. ಉಪವಾಸ, ಮಿತಾಹಾರ ಎರಡೂ ದಾರಿ ಸಮವಾದರೆ ಉಪವಾಸ ಯಾಕೆ ಎಂಬ ಪ್ರಶ್ನೆಗೂ ಉತ್ತರವಿದೆ. 2023ರ ಷಿಕಾಗೊ ಅಧ್ಯಯನದಲ್ಲಿ ಮಧ್ಯಾಹ್ನ 12ರಿಂದ ರಾತ್ರಿ 8ರೊಳಗೆ, ಕ್ಯಾಲೊರಿ ಎಣಿಸದೆ ಉಂಡವರೂ ಎಣಿಸಿ ಉಂಡವರಷ್ಟೇ ಹೆಚ್ಚುಕಡಿಮೆ ಇಳಿದರು. ಅಳೆದು ತೂಗಿ ಉಣ್ಣಲಾರದವರಿಗೆ ಗಡಿಯಾರ ಸುಲಭದ ಅಳತೆಗೋಲು. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 39.5 ಮಂದಿಗೆ ಹೊಟ್ಟೆಯ ಬೊಜ್ಜು, ಶೇ 11.4 ಮಂದಿಗೆ ಮಧುಮೇಹವಿದೆ. ಇಷ್ಟು ಜನರಿಗೆ ಒಂದೇ ದಾರಿ ಸಾಲದು. ವರ್ಷಗಟ್ಟಲೆ ಪಾಲಿಸಬಲ್ಲದ್ದೇ ಅವರವರಿಗೆ ಸರಿಯಾದ ದಾರಿ. ಆದರೆ 13 ದೇಶಗಳಲ್ಲಿ ನಡೆದ ಎಪಿಡಯರ್ ಅಧ್ಯಯನ ರಂಜಾನ್ ತಿಂಗಳಲ್ಲಿ ಮಧುಮೇಹಿಗಳ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯುವ ಪ್ರಕರಣಗಳು ಹಲವು ಪಟ್ಟು ಹೆಚ್ಚಿದ್ದನ್ನು ದಾಖಲಿಸಿದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಂದ ಔಷಧದ ಪ್ರಮಾಣ ಬದಲಿಸಿಕೊಳ್ಳದೆ ಊಟ ಬಿಡಬಾರದು; ಗರ್ಭಿಣಿಯರಿಗೆ ಈ ಪದ್ಧತಿ ತಕ್ಕದ್ದಲ್ಲ.